ಡೊಂಬಿವಲಿಯೊಳಗಿನ ಹಳ್ಳಿ

ಥಾಣೆಯಿಂದ ವಾಶಿಗೆ ಹೋಗುವ ಟ್ರಾನ್ಸ್ ಹಾರ್ಬರ್ ಲೋಕಲ್ ಹತ್ತಿದರೆ ದಿಘಾ ಗಾಂವ್ ದಾಟುತ್ತಿದ್ದಂತೆ ಐರೋಲಿ, ರಬಾಳೆ, ಘನ್ಸೋಲಿ ನಿಲ್ದಾಣಗಳು ಸಾಲಾಗಿ ಬರುತ್ತವೆ. ಅದೇ ಥಾಣೆಯಿಂದ ಕಲ್ಯಾಣದ ಗಾಡಿ ಹಿಡಿದರೆ ಡೊಂಬಿವಲಿ, ಠಾಕುರ್ಲಿ. ಕಲ್ಯಾಣದಿಂದ ಕಸಾರಾ ಕಡೆಗೆ ತಿರುಗಿದರೆ ಶಹಾಡದ ಆಚೆ ಅಂಬಿವಲಿ. ದಿವಾದಿಂದ ಪನ್ವೇಲಿಗೆ ಹೋಗುವ ಹಳಿಯ ಮೇಲೆ ಕಳಂಬೋಲಿ. ದಿನವೂ ಲಕ್ಷಾಂತರ ಜನ ಈ ಹೆಸರುಗಳನ್ನು ಕೇಳುತ್ತಾ, ಇಳಿಯಲು ಬಾಗಿಲ ಕಡೆ ನುಗ್ಗುತ್ತಾ ಇರುತ್ತಾರೆ. ಅವರಲ್ಲಿ ಕನ್ನಡಿಗರೂ ತುಳುವರೂ ಕಡಿಮೆಯೇನಿಲ್ಲ. ಈ ಹೆಸರುಗಳ ಕೊನೆಯಲ್ಲಿರುವ ‘ವಲಿ’, ‘ಓಲಿ’, ‘ಲಿ’ ಮತ್ತು ತಮ್ಮೂರಿನ ‘ಹಳ್ಳಿ’ ಒಂದೇ ತಾಯಿಯ ಮಕ್ಕಳು ಎಂದರೆ ಅವರಲ್ಲಿ ಹೆಚ್ಚಿನವರು ನಂಬಲಿಕ್ಕಿಲ್ಲ.

ಐರ್ಲೆಂಡಿನಲ್ಲೋ ಸ್ಕಾಟ್ಲೆಂಡಿನಲ್ಲೋ ಇಂಥ ಮಾತಿಗೆ ಯಾರೂ ಹುಬ್ಬೇರಿಸುವುದಿಲ್ಲ. ಅಲ್ಲಿ ಹೆಚ್ಚಿನವರ ಬಾಯಲ್ಲಿರುವುದು ಇಂಗ್ಲಿಷ್. ಆದರೆ ಊರು, ಬೆಟ್ಟ, ಹೊಳೆಗಳ ಹೆಸರು ಗೇಲಿಕ್. ಗೇಲಿಕ್‌ನಲ್ಲಿ ಊರಿಗೆ ‘ಬಲ್ಯೆ’ ಎನ್ನುತ್ತಾರೆ. ಅದೇ ಇಂಗ್ಲಿಷ್ ನಾಲಿಗೆಯಲ್ಲಿ ಸವೆದು ಐರ್ಲೆಂಡಿನಲ್ಲಿ ‘ಬ್ಯಾಲಿ’, ಸ್ಕಾಟ್ಲೆಂಡಿನಲ್ಲಿ ‘ಬಲ್’ ಆಯಿತು. ‘ಕಿಲ್’ ಎಂದು ಶುರುವಾಗುವ ಊರುಗಳಲ್ಲಿ ಬಹಳಷ್ಟು ಹಳೆಯ ಸಂತರ ಗುಡಿಗಳಿದ್ದ ಜಾಗಗಳು. ಕಿಲ್‌ಡೇರ್ ಎಂದರೆ ಓಕ್ ಮರದ ಗುಡಿ. ಇನ್ವರ್‌ನೆಸ್ ಎಂದರೆ ನೆಸ್ ಹೊಳೆಯ ಅಳಿವೆ. ಡಬ್ಲಿನ್ ಎಂಬ ರಾಜಧಾನಿಯ ಹೆಸರಿನಲ್ಲಿರುವುದು ಒಂದು ಕಪ್ಪು ಮಡು. 2011ರ ಜನಗಣತಿಯ ಹೊತ್ತಿಗೆ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಆಡುವವರು ಸುಮಾರು 57 ಸಾವಿರಕ್ಕೆ ಇಳಿದಿದ್ದರು. ಹೆಸರುಗಳು ಮಾತ್ರ ನಕ್ಷೆಯ ತುಂಬ ಉಳಿದುಕೊಂಡಿವೆ. ಜನ ಮಾತು ಬದಲಿಸಿದರೂ ಊರಿನ ಹೆಸರನ್ನು ಅಷ್ಟು ಸುಲಭವಾಗಿ ಬದಲಿಸುವುದಿಲ್ಲ. ಕಂದಾಯ ಕಟ್ಟಬೇಕು, ಗಡಿ ಹೇಳಬೇಕು, ಹೆಣ್ಣು ಕೊಟ್ಟ ಊರು ಯಾವುದೆಂದು ತಿಳಿಸಬೇಕು. ಹಳೆಯ ಹೆಸರಿಲ್ಲದೆ ಇದೊಂದೂ ನಡೆಯುವುದಿಲ್ಲ.

ಉತ್ತರ ಕೊಂಕಣದಲ್ಲಿಯೂ ನಡೆದಿರುವುದು ಹೆಚ್ಚುಕಡಿಮೆ ಇದೇ.

ಕನ್ನಡದ ಹಳ್ಳಿ ಹಿಂದೆ ‘ಪಳ್ಳಿ’ ಆಗಿತ್ತು. ಹತ್ತನೆಯ ಶತಮಾನದ ಆಸುಪಾಸಿನಲ್ಲಿ ಪಕಾರ ಹಕಾರವಾಗತೊಡಗಿ ಪಾಲು ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ತಮಿಳರು ಪಕಾರವನ್ನು ಬಿಡಲಿಲ್ಲ, ಅವರ ತಿರುಚಿರಾಪ್ಪಳ್ಳಿ ಹಾಗೆಯೇ ಇದೆ. ತೆಲುಗರಲ್ಲಿ ಪಲ್ಲಿ, ಪಲ್ಲೆ. ಸಂಸ್ಕೃತದಲ್ಲಿಯೂ ‘ಪಲ್ಲೀ’ ಇದೆ, ಆದರೆ ಅದು ದ್ರಾವಿಡದಿಂದ ಹೋದ ಸಾಲ ಎಂಬುದೇ ಭಾಷಾಶಾಸ್ತ್ರಜ್ಞರಲ್ಲಿ ಬಲವಾದ ಅಭಿಪ್ರಾಯ. ಈ ಪಲ್ಲಿ ಕೊಂಕಣದ ಪ್ರಾಕೃತಕ್ಕೆ ಸಿಕ್ಕಾಗ ಬೇರೆ ದಾರಿ ಹಿಡಿಯಿತು. ಪ್ರಾಕೃತದಲ್ಲಿ ಎರಡು ಸ್ವರಗಳ ನಡುವೆ ಸಿಕ್ಕಿಬಿದ್ದ ಪಕಾರ ವಕಾರವಾಗುತ್ತದೆ. ದೀಪ ಎಂಬುದು ಮರಾಠಿಯಲ್ಲಿ ‘ದಿವಾ’ ಆದದ್ದು ಹಾಗೆ. ಹಾಗಾಗಿ ಅಂಬ-ಪಲ್ಲಿ ಅಂಬವಲ್ಲಿಯಾಗಿ, ಕೊನೆಗೆ ಅಂಬಿವಲಿ ಆಯಿತು. ನಡುವಿನ ‘ಅವ’ ಕೂಡಿಕೊಂಡಲ್ಲಿ ‘ಓ’ ಬಂತು, ಕಳಂಬೋಲಿಯಂಥ ಹೆಸರುಗಳು ಹುಟ್ಟಿದವು. ಕನ್ನಡ ಶಾಲೆಯಲ್ಲಿ ಆದೇಶಸಂಧಿ ಓದಿದವರಿಗೆ ಇದು ಹೊಸತಲ್ಲ. ಕೆನೆ ಮತ್ತು ಪಾಲು ಸೇರಿ ಕೆನೆವಾಲು ಆಗುವಾಗಲೂ ಪಕಾರ ವಕಾರವೇ ಆಗುತ್ತದೆ.

ಇಲ್ಲಿ ಒಬ್ಬ ಮರಾಠಿ ಓದುಗ ಕೈಯೆತ್ತಿ ಕೇಳಬಹುದು: ‘ವಲಿ’ ಎಂಬುದು ಸಂಸ್ಕೃತದ ‘ಆವಲಿ’, ಅಂದರೆ ಸಾಲು, ಏಕಾಗಿರಬಾರದು? ಮನೆಗಳ ಸಾಲು, ಮರಗಳ ಸಾಲು? ನ್ಯಾಯವಾದ ಪ್ರಶ್ನೆ. ಉತ್ತರ ಮರಾಠಿಯ ಒಳಗೇ ಇದೆ. ಸಂಸ್ಕೃತದ ಒಂಟಿ ಲಕಾರ ಮರಾಠಿಗೆ ಬರುವಾಗ ಸಾಮಾನ್ಯವಾಗಿ ಳಕಾರವಾಗುತ್ತದೆ. ಇಮ್ಮಡಿ ಲಕಾರವಾದರೆ ಸವೆದು ಒಂಟಿ ಲಕಾರವಾಗಿ ನಿಲ್ಲುತ್ತದೆ. ದೀಪಾವಲಿ ಎಂಬುದು ಮರಾಠಿಯಲ್ಲಿ ದಿವಾಳಿ ಆಯಿತು. ಅದರಲ್ಲಿರುವುದು ‘ಆವಲಿ’, ಆದ್ದರಿಂದ ಳಕಾರ. ಡೊಂಬಿವಲಿಯೂ ಆವಲಿಯಿಂದ ಬಂದಿದ್ದರೆ ಡೊಂಬಿವಳಿ ಆಗಬೇಕಿತ್ತು. ಆದರೆ ದೇವನಾಗರಿ ಫಲಕದಲ್ಲಿ ಡೊಂಬಿವಲಿ, ಅಂಬಿವಲಿ, ಐರೋಲಿ, ಕಳಂಬೋಲಿ ಎಲ್ಲವೂ ಲಕಾರದಿಂದಲೇ ಮುಗಿಯುತ್ತವೆ. ಹಿಂದೆ ಅಲ್ಲಿ ಇಮ್ಮಡಿ ಲಕಾರವಿತ್ತು, ಅಂದರೆ ಪಲ್ಲಿ ಇತ್ತು ಎಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಸಾಕ್ಷಿ ಸಿಗುವುದು ಕಷ್ಟ. ಮುಂದಿನ ದೀಪಾವಳಿಗೆ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಕಂದೀಲು ಕೊಳ್ಳುವವರು ಫಲಕದತ್ತ ಒಮ್ಮೆ ಕಣ್ಣು ಹಾಯಿಸಬಹುದು.

ಹೆಸರುಗಳ ಮುಂದಿನ ಭಾಗವನ್ನು ನೋಡಿದರೆ ನಂಟು ಇನ್ನೂ ಗಟ್ಟಿಯಾಗುತ್ತದೆ. ಮರಾಠಿಯ ‘ಆಂಬಾ’ ಮಾವು, ಅಲ್ಲಿಗೆ ಅಂಬಿವಲಿ ಮಾವಿನಹಳ್ಳಿ. ‘ಬೋರ್’ ಎಂದರೆ ಬೋರೆ ಹಣ್ಣು. ಖಾಡಿಯ (ಕಡಲ ಹಿನ್ನೀರಿನ) ಆಚೆ ಮುಂಬಯಿಯ ಉಪನಗರವಾಗಿ ಬೆಳೆದ ಬೋರಿವಲಿ ಬೋರೆಹಳ್ಳಿ. ‘ಚಿಂಚ’ ಹುಣಸೆ. ಥಾಣೆ, ರಾಯಗಡ ಜಿಲ್ಲೆಗಳ ಚಿಂಚವಲಿಗಳೂ ಕಲಬುರಗಿ ಜಿಲ್ಲೆಯ ನಮ್ಮ ಚಿಂಚೋಳಿಯೂ ಹುಣಸೇಹಳ್ಳಿಗಳೇ. ‘ಕಳಂಬ’ ಎಂದರೆ ಕದಂಬ. ಉಕ್ಕಿನ ಗೋದಾಮು, ಲಾರಿ ತಂಗುದಾಣಗಳಿಗೆ ಹೆಸರಾದ ಕಳಂಬೋಲಿ ಒಂದು ಕಾಲಕ್ಕೆ ಕದಂಬ ಮರದ ಹಳ್ಳಿ. ಬನವಾಸಿಯ ಅರಸುಮನೆತನಕ್ಕೆ ಹೆಸರು ಕೊಟ್ಟ ಮರವೂ ಅದೇ ತಾನೆ. ಕರ್ನಾಟಕದ ಯಾವ ತಾಲ್ಲೂಕಿಗೆ ಹೋದರೂ ಮರದ ಹೆಸರಿಗೆ ಹಳ್ಳಿ ಅಂಟಿಸಿದ ಊರುಗಳು ಸಿಗುತ್ತವೆ. ಊರು ಕಟ್ಟಿದವರ ರೂಢಿ ಎರಡೂ ಕಡೆ ಒಂದೇ.

ಅಮೆರಿಕದ ಭಾಷಾಶಾಸ್ತ್ರಜ್ಞ ಫ್ರಾಂಕ್ಲಿನ್ ಸೌತ್‌ವರ್ತ್ ಮಹಾರಾಷ್ಟ್ರದ ಹಳ್ಳಿಗಳ ಹೆಸರುಗಳನ್ನು ಕಲೆಹಾಕಿ, ಈ ವಲಿ–ಓಲಿ ಬಾಲದ ಊರುಗಳು ಎಲ್ಲೆಲ್ಲಿ ದಟ್ಟವಾಗಿವೆ ಎಂದು ಪರಿಶೀಲಿಸಿದವರು. ಅವು ಹೆಚ್ಚಾಗಿ ಕಂಡದ್ದು ಕೊಂಕಣದ ಕರಾವಳಿಯಲ್ಲಿ ಮತ್ತು ರಾಜ್ಯದ ದಕ್ಷಿಣ ಭಾಗದಲ್ಲಿ. ಅವರ ‘ಲಿಂಗ್ವಿಸ್ಟಿಕ್ ಆರ್ಕಿಯಾಲಜಿ ಆಫ್ ಸೌತ್ ಏಷ್ಯಾ’ ಪುಸ್ತಕ 2005ರಲ್ಲಿ ಹೊರಬಂತು. ಅದಕ್ಕೂ ದಶಕಗಳ ಹಿಂದೆ ಧಾರವಾಡದಲ್ಲಿ ಕೂತು ಇದೇ ಜಾಡು ಹಿಡಿದವರು ಶಂ.ಬಾ. ಜೋಶಿ. ಅವರ ಒಂದು ಪುಸ್ತಕದ ಹೆಸರೇ ‘ಎಡೆಗಳು ಹೇಳುವ ಕಂನಾಡ ಕತೆ’. ಮಹಾರಾಷ್ಟ್ರದ ನೆಲದಲ್ಲಿ ಕನ್ನಡದ ಹೆಜ್ಜೆಗಳನ್ನು ಹುಡುಕಿದ ಅವರು ಅದೇ ವಿಷಯವನ್ನು ಮರಾಠಿ ಓದುಗರ ಮುಂದೆಯೂ ಇಟ್ಟರು. ಅವರ ಎಲ್ಲ ಊಹೆಗಳನ್ನೂ ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಊರ ಹೆಸರನ್ನು ಶಾಸನದಷ್ಟೇ ಗಂಭೀರವಾಗಿ ಓದಬೇಕು ಎಂದು ಕನ್ನಡಿಗರಿಗೆ ಕಲಿಸಿದವರಲ್ಲಿ ಅವರು ಮೊದಲಿಗರ ಸಾಲಿನವರು.

ಶಾಸನದ ಮಾತು ಬಂದದ್ದರಿಂದ ಥಾಣೆಯ ಕೋಟೆಗೆ ಹೋಗಬೇಕು. ಇಂದು ಸೆಂಟ್ರಲ್ ಜೈಲು ಇರುವ ಕೋಟೆ ಅದು. 1787ರಲ್ಲಿ ಅಲ್ಲಿ ಹೊಸ ಕಟ್ಟಡದ ಕೆಲಸಕ್ಕೆ ನೆಲ ಅಗೆಯುತ್ತಿದ್ದವರಿಗೆ ತಾಮ್ರಪಟಗಳು ಸಿಕ್ಕವು. ಶಿಲಾಹಾರ ಅರಸ ಅರಿಕೇಸರಿ ಶಕ 939ರಲ್ಲಿ, ಅಂದರೆ ಕ್ರಿ.ಶ. 1017ರಲ್ಲಿ ಕೊಟ್ಟ ದಾನಪತ್ರ ಅದು. ಮರುವರ್ಷವೇ ಕಲ್ಕತ್ತದ ‘ಏಷ್ಯಾಟಿಕ್ ರಿಸರ್ಚಸ್’ ತನ್ನ ಮೊದಲ ಸಂಪುಟದಲ್ಲಿ ಅದರ ಅನುವಾದವನ್ನು ಅಚ್ಚು ಹಾಕಿತು. ಭಾರತದ ಶಾಸನಗಳ ಅಧ್ಯಯನ ಕಣ್ಣುಬಿಡುತ್ತಿದ್ದ ಕಾಲ ಅದು. ದಾನ ಕೊಟ್ಟ ಊರುಗಳನ್ನೂ ಅವುಗಳ ಎಲ್ಲೆಯನ್ನೂ ಹೇಳುವಾಗ ಶಾಸನ ‘ತೋಕಬಲ ಪಲ್ಲಿಕಾ’, ‘ತಲಾವಲಿ ಪಲ್ಲಿಕಾ’ ಎಂಬ ಹೆಸರುಗಳನ್ನು ಹೇಳುತ್ತದೆ. ಸಂಸ್ಕೃತ ಬಲ್ಲ ಲಿಪಿಕಾರ ಊರಿನ ಹೆಸರಿಗೆ ‘ಪಲ್ಲಿಕಾ’ ಎಂಬ ಬಾಲವನ್ನು ಜೋಡಿಸಿಯೇ ಬರೆದಿದ್ದಾನೆ. ತಲಾವಲಿಯ ‘ವಲಿ’ ಕೂಡ ಪಲ್ಲಿಯೇ ಆಗಿದ್ದರೆ ಅಲ್ಲಿರುವುದು ಎರಡು ಹಳ್ಳಿ! ಸಾವಿರ ವರ್ಷದ ಹಿಂದೆಯೇ ‘ವಲಿ’ಯ ಅರ್ಥ ಜನರಿಗೆ ಮರೆತಿತ್ತು, ಅದಕ್ಕೇ ಮೇಲೊಂದು ಪಲ್ಲಿಕಾ ಬೇಕಾಯಿತು ಎಂದು ಊಹಿಸಲು ಇಲ್ಲಿ ಎಡೆಯಿದೆ. ‘ಗೇಟ್‌ಬಾಗಿಲು’ ಎನ್ನುವ ನಾವು ಆ ಲಿಪಿಕಾರನನ್ನು ನೋಡಿ ನಗುವಂತಿಲ್ಲ.

ಈ ಶಿಲಾಹಾರರು ಯಾರು? ಹೆಚ್ಚುಕಡಿಮೆ ಕ್ರಿ.ಶ. 800ರಿಂದ 1265ರವರೆಗೆ ಉತ್ತರ ಕೊಂಕಣವನ್ನು ಆಳಿದವರು. ಥಾಣೆ ಅವರ ಶಾಸನಗಳಲ್ಲಿ ‘ಶ್ರೀಸ್ಥಾನಕ’. ಮೊದಲು ರಾಷ್ಟ್ರಕೂಟರ ಸಾಮಂತರಾಗಿದ್ದ ಅವರು ತಮ್ಮನ್ನು ‘ತಗರಪುರವರಾಧೀಶ್ವರ’ ಎಂದು ಕರೆದುಕೊಳ್ಳುತ್ತಿದ್ದರು. ತಗರ ಎಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್. ಅವರ ತಾಮ್ರಪಟಗಳ ಭಾಷೆ ಸಂಸ್ಕೃತ. ಆದರೆ ಬಿರುದುಗಳ ಸಾಲಿಗೆ ಬಂದಾಗ ಓದುವ ಕನ್ನಡಿಗ ಥಟ್ಟನೆ ನಿಲ್ಲುತ್ತಾನೆ. ‘ಮಲಗಲಗಂಡ’, ‘ಗಂಡರಗಂಡ’, ‘ನನ್ನಿಸಮುದ್ರ’. ಸಂಸ್ಕೃತ ಸಮಾಸಗಳ ನಡುವೆ ಇವು ಅಚ್ಚಗನ್ನಡ. ಮಲೆಗಳ ಗಂಡ ಎಂಬುದು ಹೊಯ್ಸಳರ ‘ಮಲೆಪರೊಳ್ ಗಂಡ’ನಿಗೆ ಹತ್ತಿರದ ನೆಂಟ. ನನ್ನಿ ಎಂದರೆ ಸತ್ಯ. ಅರಸರ ಹೆಸರುಗಳನ್ನು ನೋಡಿದರೆ ವಪ್ಪುವನ್ನ, ಗೊಗ್ಗಿ, ವಜ್ಜಡ. ಶಿಲಾಹಾರ ಶಾಸನಗಳನ್ನೆಲ್ಲ ಸಂಪಾದಿಸಿ 1977ರಲ್ಲಿ ಪ್ರಕಟಿಸಿದ ನಾಗಪುರದ ವಿದ್ವಾಂಸ ವಾ.ವಿ. ಮಿರಾಶಿ, ಈ ಮನೆತನ ಕನ್ನಡ ಆಡುವ ಸೀಮೆಯಿಂದ ಬಂದದ್ದಕ್ಕೆ ಈ ಬಿರುದುಗಳನ್ನೇ ಆಧಾರವಾಗಿ ಹಿಡಿದರು. ಕೊಲ್ಹಾಪುರದಲ್ಲಿ ಆಳಿದ ಶಿಲಾಹಾರರ ಇನ್ನೊಂದು ಶಾಖೆಯಂತೂ ಕನ್ನಡದಲ್ಲಿಯೇ ಶಾಸನ ಬರೆಸಿತು.

ಶಿಲಾಹಾರ ಎಂಬ ಹೆಸರಿನ ಹಿಂದೆಯೂ ಒಂದು ಕತೆಯುಂಟು. ವಿದ್ಯಾಧರ ರಾಜಕುಮಾರ ಜೀಮೂತವಾಹನ ಒಂದು ನಾಗನನ್ನು ಉಳಿಸಲು ತಾನೇ ಬಂಡೆಯ ಮೇಲೆ ಮಲಗಿ ಗರುಡನಿಗೆ ಆಹಾರವಾಗಲು ಸಿದ್ಧನಾದನಂತೆ. ಶಿಲೆಯ ಮೇಲಿನ ಆಹಾರ, ಆದ್ದರಿಂದ ಶಿಲಾಹಾರ. ಹರ್ಷನ ‘ನಾಗಾನಂದ’ ನಾಟಕದ ಕತೆಯೂ ಜೀಮೂತವಾಹನನದೇ. ಶಾಸನಗಳಲ್ಲಿ ಇದೇ ಹೆಸರು ಸಿಲಾರ, ಸಿಯಲಾರ ಎಂದೆಲ್ಲ ಬರುತ್ತದೆ. ಅರ್ಥ ಮಸುಕಾದ ಹೆಸರಿಗೆ ಯಾರೋ ಪಂಡಿತರು ಸಂಸ್ಕೃತದ ಅಂಗಿ ತೊಡಿಸಿ, ಆ ಅಂಗಿಗೆ ತಕ್ಕ ಕತೆ ಹೊಲಿದರು ಎಂದೇ ತೋರುತ್ತದೆ. ಐರ್ಲೆಂಡಿನಲ್ಲಿ ಇಂಥ ಕತೆಗಳದೇ ಒಂದು ಮಧ್ಯಯುಗದ ಭಂಡಾರವಿದೆ, ‘ದಿನ್‌ಶೆನಖಸ್’ ಎಂದು. ಈ ಬೆಟ್ಟಕ್ಕೆ ಈ ಹೆಸರು ಏಕೆ, ಆ ಮಡುವಿನಲ್ಲಿ ಮುಳುಗಿದ ರಾಣಿ ಯಾರು ಎಂದು ಪದ್ಯ ಗದ್ಯಗಳಲ್ಲಿ ಹೇಳುತ್ತಾ ಹೋಗುವ ಸಂಗ್ರಹ. ನಮ್ಮ ಸ್ಥಳಪುರಾಣಗಳ ಜಾತಿಯದೇ. ಕಲ್ಯಾಣದ ಆಚೆಯ ಟಿಟ್ವಾಳಾದಲ್ಲಿ ಅಂಥ ಪುರಾಣ ಇಂದಿಗೂ ಜೀವಂತ. ಕಣ್ವರ ಆಶ್ರಮ ಅಲ್ಲಿತ್ತು, ದುಷ್ಯಂತನನ್ನು ಮರಳಿ ಪಡೆಯಲು ಶಕುಂತಲೆ ಪ್ರತಿಷ್ಠಾಪಿಸಿದ ಗಣಪತಿಯೇ ಅಲ್ಲಿನ ಮಹಾಗಣಪತಿ ಎಂದು ಭಕ್ತರು ಹೇಳುತ್ತಾರೆ. ಸಂಕಷ್ಟಿ ಮಂಗಳವಾರ ಬಿದ್ದರೆ ಕಸಾರಾ ಲೋಕಲ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಥಾಣೆ ಪಟ್ಟಣ ಕೂತಿರುವುದು ಸಾಲ್ಸೆಟ್ ದ್ವೀಪದ ಮೇಲೆ. ಅದೇ ದ್ವೀಪದ ಕಾಡಿನೊಳಗಿನ ಕಾನ್ಹೇರಿ ಗುಹೆಗಳಲ್ಲಿ ಕನ್ನಡಿಗರಿಗೆ ತೀರಾ ಪರಿಚಯದ ಹೆಸರೊಂದು ಕಲ್ಲಿನಲ್ಲಿದೆ. ಒಂಬತ್ತನೆಯ ಶತಮಾನದ ಆ ದಾನಶಾಸನಗಳು ಕೊಂಕಣದ ಶಿಲಾಹಾರ ಕಪರ್ದಿಯನ್ನೂ ಅವನ ಮೇಲಿನ ಚಕ್ರವರ್ತಿ ಅಮೋಘವರ್ಷನನ್ನೂ ಹೆಸರಿಸುತ್ತವೆ. ಅಮೋಘವರ್ಷ ಎಂದರೆ ನೃಪತುಂಗ, ಯಾರ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತೋ ಅವನು. ಕನ್ನಡ ನಾಡಿನ ಎಲ್ಲೆ ಕಾವೇರಿಯಿಂದ ಗೋದಾವರಿಯವರೆಗೆ ಎಂದು ಆ ಗ್ರಂಥ ಹೇಳುವುದು ಕರ್ನಾಟಕದ ಶಾಲಾ ಮಕ್ಕಳಿಗೂ ಗೊತ್ತು. ಗೋದಾವರಿ ಹುಟ್ಟುವ ತ್ರ್ಯಂಬಕ ಇರುವುದು ಕಸಾರಾ ಘಟ್ಟ ಹತ್ತಿದ ಮೇಲೆ ಸಿಗುವ ನಾಸಿಕದ ಬಳಿ. ಕಪರ್ದಿಯ ಹೆಸರಿನಿಂದ ಈ ಸೀಮೆಗೆ ಕಪರ್ದಿಕಾದ್ವೀಪ ಎಂಬ ಹೆಸರೂ ಬಂತು. ಗೋವೆಯ ಕದಂಬರ ಕಾಲದ ಶಾಸನಗಳಲ್ಲಿ ಅದು ‘ಕವಡಿದ್ವೀಪ’. ಕಪರ್ದ ಎಂದರೆ ಕವಡೆ ತಾನೆ. ಚಕ್ರವರ್ತಿಯ ಸಾಮಂತನ ಹೆಸರು ಕನ್ನಡದ ಬಾಯಿಗೆ ಬಿದ್ದು ಆಟದ ಕವಡೆಯಾಯಿತು.

ಕಲ್ಲುಗಳ ವಿಷಯ ಇನ್ನೂ ಮುಗಿದಿಲ್ಲ. ಬೋರಿವಲಿ ಪಶ್ಚಿಮದ ಎಕ್ಸಾರ್ ಎಂಬಲ್ಲಿ ಆಳೆತ್ತರದ ವೀರಗಲ್ಲುಗಳಿವೆ. ಸಾಲು ಹುಟ್ಟುಗಳ ಹಡಗುಗಳು, ಆನೆಗಳು, ಬಿದ್ದ ಯೋಧರು, ಮೇಲೆ ಕೈಲಾಸ. ಶಿಲಾಹಾರರ ಕೊನೆಯ ಅರಸ ಸೋಮೇಶ್ವರನಿಗೂ ದೇವಗಿರಿಯ ಯಾದವ ಮಹಾದೇವನಿಗೂ 1265ರ ಸುಮಾರಿಗೆ ಕಡಲಿನಲ್ಲಿ ನಡೆದ ಕದನದ ಚಿತ್ರಣ ಇದು ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಕರ್ನಾಟಕದಲ್ಲಿ ವೀರಗಲ್ಲುಗಳು ಸಾವಿರಾರು ಇದ್ದರೂ ಹಡಗಿನ ಯುದ್ಧವನ್ನು ಇಷ್ಟು ವಿವರವಾಗಿ ಕೆತ್ತಿದ ಕಲ್ಲು ಅಪರೂಪ. ಇಂಥ ಕಲ್ಲಿಗೆ ಮರಾಠಿಯಲ್ಲಿ ‘ವೀರಗಳ’ ಎನ್ನುತ್ತಾರೆ. ಮರಾಠಿಯಲ್ಲಿ ಕಲ್ಲಿಗೆ ‘ದಗಡ’, ‘ಧೋಂಡಾ’ ಇವೆ, ‘ಗಳ’ ಇಲ್ಲ. ಕಲ್ಲನ್ನು ನಿಲ್ಲಿಸುವ ಪದ್ಧತಿಯ ಜೊತೆಗೆ ಅದರ ಕನ್ನಡ ಹೆಸರೂ ಇಡಿಯಾಗಿ ಬಂದಿದೆ. ಕಲ್ಯಾಣಕ್ಕೆ ಹತ್ತಿರದ ಲೋನಾಡದಲ್ಲಿಯೂ ಅಂಬರನಾಥದಲ್ಲಿಯೂ ಶಿಲಾಹಾರರ ಕಾಲದ ಕುರುಹುಗಳಿವೆ. ಅಂಬರನಾಥದ ಶಿವಾಲಯದಲ್ಲಿ ಶಕ 982ರ, ಅಂದರೆ 1060ರ ಶಾಸನವಿದೆ. ಅದರಲ್ಲಿ ಬರುವ ಅರಸ ಮುಮ್ಮುಣಿ. ಹೊರಗೋಡೆಯ ಕೆತ್ತನೆಗಳನ್ನು ನೋಡಲು ಅರ್ಧ ದಿನವಾದರೂ ಬೇಕು.

ಹಾಗೆಂದು ಕಂಡಕಂಡ ಹೆಸರನ್ನೆಲ್ಲ ಕನ್ನಡದ ಮೊರದಲ್ಲಿ ಕೇರಲು ಹೊರಟರೆ ಎಡವುವುದು ಖಂಡಿತ. ಥಾಣೆ ಸಂಸ್ಕೃತದ ಸ್ಥಾನದಿಂದ ಬಂದದ್ದು, ಅದರಲ್ಲಿ ಕನ್ನಡವಿಲ್ಲ. ಕಲ್ಯಾಣವೂ ಅಷ್ಟೆ. ಕಲ್ಯಾಣ ಎಂದೊಡನೆ ಕನ್ನಡಿಗರ ಮನಸ್ಸು ಬಸವಣ್ಣನ ಕಲ್ಯಾಣಕ್ಕೆ ಹಾರುತ್ತದೆ. ಅದು ಬೀದರ್ ಜಿಲ್ಲೆಯ ಬಸವಕಲ್ಯಾಣ. ಉಲ್ಹಾಸ ಹೊಳೆಯ ದಡದ ಈ ಕಲ್ಯಾಣ ಅದಕ್ಕಿಂತ ಬಹಳ ಹಳೆಯ ಬಂದರು. ಕಾನ್ಹೇರಿಯ ಬ್ರಾಹ್ಮಿ ಶಾಸನಗಳಲ್ಲಿ ಕಲಿಯಣದ ವರ್ತಕರು ದಾನ ಕೊಟ್ಟ ದಾಖಲೆಗಳಿವೆ. ಗ್ರೀಕ್ ನಾವಿಕರ ಕೈಪಿಡಿ ‘ಪೆರಿಪ್ಲಸ್’ ಇದನ್ನು ಕಲ್ಲಿಯೇನಾ ಎಂದಿತು. ನವಿ ಮುಂಬಯಿಯ ನೇರೂಲ್ ಎಂಬ ಹೆಸರು ಕಿವಿಗೆ ಬಿದ್ದಾಗ ನೇರಳೆ ನೆನಪಾಗುವುದು ಸಹಜ, ಆದರೆ ಕಿವಿಯ ಸಾಕ್ಷಿ ಒಂದರಿಂದಲೇ ಏನೂ ಸಾಬೀತಾಗುವುದಿಲ್ಲ. ಥಾಣೆಯ ಮಾಸುಂದಾ ಕೆರೆಯ ದಂಡೆಗೆ ಜನ ‘ತಲಾವ್ ಪಾಳಿ’ ಎನ್ನುತ್ತಾರೆ. ಆ ಪಾಳಿ ಕೆರೆಯ ಏರಿಯೇ ಹೊರತು ಪಳ್ಳಿಯಲ್ಲ. ಡೊಂಬಿವಲಿಯ ಮುಂಭಾಗ ಡೊಂಬ ಸಮುದಾಯದಿಂದ ಬಂತು ಎಂಬುದು ಊರವರ ಮಾತು. ಹಳೆಯ ದಾಖಲೆ ಸಿಗುವವರೆಗೆ ಅದನ್ನು ಊರವರ ಮಾತಾಗಿಯೇ ಇಟ್ಟುಕೊಳ್ಳುವುದು ಮೇಲು.

ಗೇಲಿಕ್ ನಾಡಿನಲ್ಲಿಯೂ ಇಂಥ ಬಲೆಗಳು ಬೇಕಾದಷ್ಟಿವೆ. ಟೈಟಾನಿಕ್ ಹಡಗು ಕೊನೆಯ ಬಾರಿ ನಿಂತ ಐರಿಷ್ ಬಂದರು ಕ್ವೀನ್ಸ್‌ಟೌನ್. 1920ರಲ್ಲಿ ರಾಣಿಯ ಹೆಸರು ತೆಗೆದು ‘ಕೋವ್’ ಎಂದು ಐರಿಷ್ ಕಾಗು‌ಣಿತದಲ್ಲಿ ಬರೆದರು. ನೋಡಲು ಅಪ್ಪಟ ಗೇಲಿಕ್. ಆದರೆ ಅದು ಕೊಲ್ಲಿಗೆ ಹೇಳುವ ಇಂಗ್ಲಿಷ್ ಮಾತೇ, ಐರಿಷ್ ವೇಷದಲ್ಲಿ. ಸ್ಕಾಟ್ಲೆಂಡಿನ ಪಿಟ್‌ಲಾಖ್ರಿಯಂಥ ಹೆಸರುಗಳ ‘ಪಿಟ್’ ಗೇಲಿಕ್ಕಿಗೂ ಮೊದಲಿನ ಪಿಕ್ಟ್ ಜನರದು. ಗೇಲಿಕ್ ಪದರದ ಕೆಳಗೆ ಇನ್ನೊಂದು ಪದರ. ಕೊಂಕಣದಲ್ಲಿಯೂ ಈ ಎಚ್ಚರ ಬೇಕು. ಪಳ್ಳಿ ಕನ್ನಡದ ಸ್ವತ್ತಲ್ಲ, ದ್ರಾವಿಡ ಮನೆಯವರೆಲ್ಲರದು. ಕನ್ನಡದ ಪಕಾರ ಹಕಾರವಾದ ಮೇಲೆ ಈ ಹೆಸರುಗಳು ಹುಟ್ಟಿದ್ದರೆ ಅವುಗಳಲ್ಲಿ ಹಳ್ಳಿಯ ಹಕಾರದ ಕುರುಹು ಕಾಣಬೇಕಿತ್ತು. ಕಾಣುವುದು ಪಕಾರದ ಸಂತಾನವಾದ ವಕಾರ. ಅಂದರೆ ಅಂಬಿವಲಿ, ಐರೋಲಿಗಳಿಗೆ ಹೆಸರಿಟ್ಟವರು ಸಾವಿರ ವರ್ಷಕ್ಕೂ ಹಿಂದಿನವರು. ಅವರು ಆಡಿದ್ದು ಹಳಗನ್ನಡವೋ, ಅದರ ಹತ್ತಿರದ ಬೇರೊಂದು ದ್ರಾವಿಡ ನುಡಿಯೋ ಎಂಬುದನ್ನು ಹೆಸರಿನ ಬಾಲವೊಂದೇ ಹೇಳಲಾರದು. ರಾಜಕೀಯ ವೇದಿಕೆಯಲ್ಲಿ ಊರಿನ ಹೆಸರು ಹಿಡಿದು ಗಡಿ ಕೇಳುವವರಿಗೆ ಇದು ಉಪಯೋಗಕ್ಕೆ ಬಾರದ ಪುರಾವೆ. ಅದೂ ಒಳ್ಳೆಯದೇ.

ಊರ ಹೆಸರಿನ ಆಚೆಗೂ ಜಾಡು ಸಿಗುತ್ತದೆ. ಮರಾಠಿ ಅಡುಗೆಮನೆಯ ‘ತೂಪ’ ತುಪ್ಪ, ಎಲೆಯಡಿಕೆ ತಟ್ಟೆಯ ‘ಅಡಕಿತ್ತಾ’ ಅಡಕೊತ್ತು, ‘ಹುಡಕಣೆ’ ಹುಡುಕುವುದು, ಮನೆಯ ಹಿರಿಯರು ಅಣ್ಣಾ, ಅಪ್ಪಾ, ಅಕ್ಕಾ. ಥಾಣೆ–ರಾಯಗಡದ ಆಗ್ರಿ ಮತ್ತು ಕೋಳಿ ಮನೆತನಗಳಲ್ಲಿ ಬಹಳ ಮಂದಿಗೆ ಖಂಡೋಬ ಕುಲದೈವ. ಜೇಜುರಿಯ ಮೆಟ್ಟಿಲು ಹತ್ತುತ್ತಾ, ಭಂಡಾರದ ಅರಿಶಿನ ತೂರುತ್ತಾ ಅವರು ಕೂಗುವುದು ‘ಯೇಳಕೋಟ್, ಯೇಳಕೋಟ್’ ಎಂದು. ಅದೇ ದೇವರನ್ನು ಮೈಲಾರಲಿಂಗ ಎಂದು ಕರೆಯುವ ಒಕ್ಕಲಿನ ಕನ್ನಡಿಗನಿಗೆ ಅದು ಏಳು ಕೋಟಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕೂಗುವವರಿಗೆ ಅದು ದೇವರ ಹೆಸರಿನಷ್ಟೇ ಪವಿತ್ರವಾದ ಸದ್ದು. ಏಳು ಎಂಬ ಅಂಕಿ ಅವರ ಲೆಕ್ಕದಲ್ಲಿಲ್ಲ.

ಹೆಸರನ್ನು ಕೆಡಿಸಿದವರ ಕತೆಯೂ ಎರಡೂ ಕಡೆ ಒಂದೇ ತರಹ. ಐರ್ಲೆಂಡಿನಲ್ಲಿ ಬ್ರಿಟಿಷರ ಆರ್ಡ್‌ನೆನ್ಸ್ ಸರ್ವೆ 1824ರಲ್ಲಿ ಶುರುವಾಯಿತು. ನಾಡಿನ ನಕ್ಷೆ ಬರೆಯುತ್ತಾ ಸಾವಿರಾರು ಊರಹೆಸರುಗಳನ್ನು ಇಂಗ್ಲಿಷ್ ಕಾಗುಣಿತಕ್ಕೆ ಕೂರಿಸುವ ಕೆಲಸ. ಜಾನ್ ಓಡೊನವನ್ ಎಂಬ ಐರಿಷ್ ವಿದ್ವಾಂಸ ಊರೂರು ತಿರುಗಿ, ಮುದುಕರನ್ನು ಕೇಳಿ, ಮೂಲ ರೂಪಗಳನ್ನು ಬರೆದಿಟ್ಟದ್ದರಿಂದ ಎಷ್ಟೋ ಹೆಸರುಗಳ ಹುಟ್ಟು ಇಂದಿಗೂ ತಿಳಿಯುತ್ತದೆ. ಬ್ರೈಯನ್ ಫ್ರೀಲ್ ಬರೆದ ‘ಟ್ರಾನ್ಸ್‌ಲೇಷನ್ಸ್’ ನಾಟಕ 1980ರಲ್ಲಿ ರಂಗಕ್ಕೆ ಬಂದದ್ದು ಈ ಸರ್ವೆಯ ಕತೆಯನ್ನೇ ಹಿಡಿದುಕೊಂಡು. ಇತ್ತ ನಮ್ಮಲ್ಲಿ ಹುಬ್ಬಳ್ಳಿ ಇಂಗ್ಲಿಷ್ ಬಾಯಲ್ಲಿ ‘ಹುಬ್ಲಿ’ ಆಗಿತ್ತು. ಪಳ್ಳಿ ‘ಲಿ’ ಆಗಲು ಠಾಕುರ್ಲಿಗೆ ಶತಮಾನಗಳೇ ಹಿಡಿದಿರಬೇಕು, ಹುಬ್ಬಳ್ಳಿಯಲ್ಲಿ ಆ ಕೆಲಸವನ್ನು ಒಬ್ಬ ಗುಮಾಸ್ತ ಒಂದು ಫಲಕದಲ್ಲಿ ಮುಗಿಸಿದ. ನಿಜವಾದ ರೂಪ ಸರಕಾರಿ ಕಾಗದಕ್ಕೆ ಮರಳಲು 2014ರ ನವೆಂಬರ್ 1ರವರೆಗೆ ಕಾಯಬೇಕಾಯಿತು.

ನವಿ ಮುಂಬಯಿಯ ಕತೆ ಸ್ವಲ್ಪ ಬೇರೆ. 1970ರಲ್ಲಿ ಹೊಸ ನಗರ ಕಟ್ಟುವ ಸರಕಾರಿ ಸಂಸ್ಥೆ ಸಿಡ್ಕೊ ಹುಟ್ಟಿ, ಖಾಡಿಯ ದಂಡೆಯ ಉಪ್ಪಿನ ಗದ್ದೆ, ಭತ್ತದ ಗದ್ದೆಗಳು ಸೆಕ್ಟರುಗಳಾದವು. ಹೊಸ ಊರಿಗೆ ಹೊಸ ಹೆಸರು ಇಡುವ ಹುಮ್ಮಸ್ಸಿದ್ದರೂ ಬಡಾವಣೆಗಳಿಗೆ ಬಹುಪಾಲು ಹಳ್ಳಿಗಳ ಹೆಸರುಗಳೇ ಉಳಿದವು. ಅಪವಾದಗಳಿವೆ. ಪನ್ವೇಲ್ ದಾರಿಯಲ್ಲಿ ಒಂದು ನಿಲ್ದಾಣ ಮಾನಸರೋವರ, ಹಿಮಾಲಯಕ್ಕೂ ಅದಕ್ಕೂ ಏನು ಸಂಬಂಧವೋ! ಇನ್ನೊಂದು ಸೀವುಡ್ಸ್. ಅಲ್ಲಿ ಹಳೆಯ ಹಳ್ಳಿ ಸುಮ್ಮನೆ ಬಿಟ್ಟುಕೊಡಲಿಲ್ಲ. ಸೀವುಡ್ಸ್ ಜೊತೆಗೆ ದಾರಾವೆ ಎಂಬ ಹಳ್ಳಿಯ ಹೆಸರೂ ಫಲಕ ಸೇರಿತು. ಉರಣ ಮಾರ್ಗದಲ್ಲಿಯೂ ಸಾಗರ ಸಂಗಮ ಎಂಬ ಯೋಜನೆಯ ಹೆಸರು ಹೋಗಿ ತರಘರ ಎಂಬ ಹಳ್ಳಿಯ ಹೆಸರು ಬಂದಿದೆ. ಆಗ್ರಿ, ಕೋಳಿ ಗ್ರಾಮಸ್ಥರಿಗೆ ಜಮೀನು ಹೋದ ಮೇಲೆ ಉಳಿದದ್ದು ಹೆಸರು ಮಾತ್ರ. ಅದಕ್ಕೆ ಅವರು ಹಟ ಹಿಡಿಯುವುದರಲ್ಲಿ ತಪ್ಪೇನೂ ಇಲ್ಲ.

ಐರ್ಲೆಂಡಿನಲ್ಲಿ ಹಟ ಎದುರು ದಿಕ್ಕಿನಲ್ಲಿಯೂ ನಡೆಯಿತು. ಪ್ರವಾಸಿಗಳಿಗೆ ಪ್ರಿಯವಾದ ಡಿಂಗಲ್ ಪಟ್ಟಣವನ್ನು ಸರಕಾರ 2005ರಲ್ಲಿ ಅಧಿಕೃತವಾಗಿ ಅದರ ಐರಿಷ್ ರೂಪವಾದ ‘ಅನ್ ಡ್ಯಾಂಗನ್’ಗೆ ಬದಲಿಸಿದಾಗ ಊರವರೇ ತಿರುಗಿಬಿದ್ದರು. ಪ್ರವಾಸಿಗಳು ದಾರಿ ತಪ್ಪುತ್ತಾರೆ ಎಂಬುದು ಅಂಗಡಿ, ಹೋಟೆಲಿನವರ ವಾದ. ಮರುವರ್ಷ ಮತ ಹಾಕಿ, ಎರಡೂ ಭಾಷೆಯ ಹೆಸರು ಬೇಕು ಎಂದರು. ಹೆಸರಿನ ಮೇಲೆ ಮಮತೆ ಎಷ್ಟಿದ್ದರೂ ವ್ಯಾಪಾರದ ಎದುರು ಅದು ಒಮ್ಮೊಮ್ಮೆ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಇನ್ನು ಈಗಿನ ಕನ್ನಡಿಗರು. ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕರ್ನಾಟಕಗಳಿಂದ ಹೋಟೆಲು, ಗಿರಣಿ, ಬ್ಯಾಂಕು, ರೈಲ್ವೆ ಎಂದು ಮುಂಬಯಿಗೆ ಬಂದವರು ಬಾಡಿಗೆ ಏರಿದಂತೆಲ್ಲ ಹಳಿ ಹಿಡಿದು ಥಾಣೆ, ಡೊಂಬಿವಲಿ, ಕಲ್ಯಾಣಗಳತ್ತ ಸರಿದರು. ಥಾಣೆಯಲ್ಲಿ ನವೋದಯ ಕನ್ನಡ ಸೇವಾ ಸಂಘ, ವಾಶಿಯಲ್ಲಿ ನವಿ ಮುಂಬಯಿ ಕನ್ನಡ ಸಂಘ, ಘನ್ಸೋಲಿಯಲ್ಲಿ ಮೂಕಾಂಬಿಕೆಯ ಗುಡಿ. ಡೊಂಬಿವಲಿ ಕರ್ನಾಟಕ ಸಂಘ ನಡೆಸುವ ಶಾಲೆಗೆ ಧರ್ಮಸ್ಥಳದ ಸ್ವಾಮಿಯನ್ನು ನೆನಪಿಸುವ ಮಂಜುನಾಥನ ಹೆಸರು, ಅದರ ಕಾಲೇಜು ಇರುವುದು ಠಾಕುರ್ಲಿಯಲ್ಲಿ. ಇಲ್ಲಿ ಕನ್ನಡದ (ಹಳೆಯದು ಅದರ ನೆಂಟ ನುಡಿಯದೂ ಇರಬಹುದು) ಎರಡು ಪದರಗಳು ಒಂದರ ಮೇಲೊಂದು ಕೂತಿವೆ. ನಡುವೆ ಸಾವಿರ ವರ್ಷದ ಮರಾಠಿ ಇದೆ, ಪೋರ್ಚುಗೀಸರಿದ್ದಾರೆ, ಮರಾಠರಿದ್ದಾರೆ, ಬ್ರಿಟಿಷರಿದ್ದಾರೆ. ಒಂದು ಪದರ ಇನ್ನೊಂದರಿಂದ ಹುಟ್ಟಿದ್ದಲ್ಲ. ಕಾರ್ಯಕ್ರಮದ ವೇದಿಕೆಯಲ್ಲಿ ‘ನಾವು ಇಲ್ಲಿನ ಮೂಲನಿವಾಸಿಗಳು’ ಎಂದು ಭಾಷಣಕಾರರು ಆವೇಶಗೊಳ್ಳುವಾಗ ಇದನ್ನು ಮರೆಯುವುದುಂಟು.

ಹೆಸರುಗಳ ಹುಡುಕಾಟ ಮುಂದುವರಿಯಬೇಕಾದ ಜಾಗ ಬಹುಶಃ ರೈಲ್ವೆ ಫಲಕವಲ್ಲ, ತಲಾಟಿಯ (ಗ್ರಾಮ ಲೆಕ್ಕಿಗನ) ಕಚೇರಿ. ಮಹಾರಾಷ್ಟ್ರದ ಜಮೀನಿನ ಪಹಣಿಗೆ ‘ಸಾತ್-ಬಾರಾ’ ಎನ್ನುತ್ತಾರೆ. ಅದರಲ್ಲಿ ಸರ್ವೆ ನಂಬರಿನ ಜೊತೆಗೆ ಹೊಲದ ಸ್ಥಳೀಯ ಹೆಸರು ಬರೆಯಲು ಒಂದು ಜಾಗವಿದೆ. ಊರಿನ ಹೆಸರು ಒಂದೇ, ಹೊಲಗಳ ಹೆಸರು ನೂರಾರು. ಹಳ್ಳ, ದಿಬ್ಬ, ಉಪ್ಪುನೀರು ನುಗ್ಗುವ ಗದ್ದೆ, ಒಂಟಿ ಮರ, ಎಲ್ಲಕ್ಕೂ ಅಲ್ಲಿ ಹೆಸರಿರುತ್ತದೆ. ಐರ್ಲೆಂಡಿನ ಮೀತ್ ಕೌಂಟಿಯಲ್ಲಿ ಊರವರೇ ಸೇರಿಕೊಂಡು ರೈತರ ಮನೆಮನೆಗೆ ಹೋಗಿ ಹೊಲಗಳ ಹೆಸರುಗಳನ್ನು ಕಲೆಹಾಕಿ, 2013ರಲ್ಲಿ ದಪ್ಪ ಪುಸ್ತಕವನ್ನೇ ತಂದರು. ಕಲ್ಯಾಣ, ಪನ್ವೇಲ್ ತಾಲ್ಲೂಕುಗಳಲ್ಲಿ ಗದ್ದೆಗಳು ಎನ್.ಎ. (ಕೃಷಿಯೇತರ) ಆಗಿ, ಬಿಲ್ಡರುಗಳ ಕೈಗೆ ಹೋಗಿ, ಹೊಲದ ಜಾಗದಲ್ಲಿ ‘ಗ್ರೀನ್ ಹೈಟ್ಸ್’ ಥರದ ಕಟ್ಟಡಗಳು ಏಳುತ್ತಿವೆ. ಆ ಹೊಲಗಳನ್ನು ಹೆಸರು ಹಿಡಿದು ಕರೆಯಬಲ್ಲ ಮುದುಕರು ಕಳಂಬೋಲಿ, ಘನ್ಸೋಲಿ, ಐರೋಲಿಗಳ ಗಾವಠಾಣಗಳಲ್ಲಿ (ಹಳೆಯ ಊರ ನೆಲೆಗಳಲ್ಲಿ) ಇನ್ನೂ ಇದ್ದಾರೆ.